ನೋಡದೆ ಅಳಿಸಿದ ಗೇಟು

ಕ್ಷಮಿಸುವುದು ದೊಡ್ಡ ಗುಣ ಎಂದು ಮಕ್ಕಳಿಗೆ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಗುಬ್ಬಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಠವನ್ನೇನೋ ಚೆನ್ನಾಗಿಯೇ ಮಾಡುತ್ತೇನೆ, ಆದರೆ ಆ ಗುಣ ನನಗೆ ಬಂದಿಲ್ಲ. ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರಲ್ಲ, ನನ್ನದು ಅದಕ್ಕಿಂತ ಒಂದೆರಡು ವರ್ಷ ಜಾಸ್ತಿಯೇ ಇರಬಹುದು. ಇಲ್ಲಿ ಬರೆಯುತ್ತಿರುವುದು ನಾನು ಒಬ್ಬ ಮನುಷ್ಯನ ಮೇಲೆ ಸೇಡು ತೀರಿಸಿಕೊಂಡ ಕಥೆ. ಕತ್ತಿಯೂ ಇಲ್ಲ, ಕೋರ್ಟೂ ಇಲ್ಲ. ಇದ್ದದ್ದು ಒಂದು ಲ್ಯಾಪ್‌ಟಾಪು, ಒಂದು ಸ್ಕೂಟರು ಮತ್ತು ನನ್ನ ಅಕ್ಕ.

ಅಂತರ್ಜಾಲದಲ್ಲಿ ಎಲ್ಲರೂ ಸೇರಿ ಬರೆಯುವ ವಿಶ್ವಕೋಶವೊಂದಿದೆಯಲ್ಲ, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದರ ಕನ್ನಡ ಭಾಗದಲ್ಲಿ ನಮ್ಮ ಕಡೆಯ ಹಳ್ಳಿಗಳ ಬಗ್ಗೆ ಇದ್ದದ್ದು ಒಂದೊಂದು ಸಾಲು. ಇದು ಇಂಥ ತಾಲ್ಲೂಕಿನ ಒಂದು ಗ್ರಾಮ. ಮುಗಿಯಿತು. ಒಂದು ಊರಿನ ಬಗ್ಗೆ ಹೇಳುವುದಕ್ಕೆ ಅಷ್ಟೇನಾ ಇರುವುದು ಎಂದು ನನಗೆ ರೇಗುತ್ತಿತ್ತು. ರೇಗಿದ್ದನ್ನು ಅಕ್ಕನ ಹತ್ತಿರ ಹೇಳಿದೆ. ಅಕ್ಕ ಇರುವುದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ. ಭಾವ ತೀರಿಹೋದ ಮೇಲೆ ಎರಡು ಹಸು, ಒಂದಿಷ್ಟು ಹೊಲ ನೋಡಿಕೊಂಡು, ಬಾಯಿ ಮಾತ್ರ ಸುಮ್ಮನಿರಿಸದೆ ಬದುಕಿರುವ ಹೆಂಗಸು. "ರೇಗಾಡ್ಕಂಡು ಕೂತ್ರೆ ಆಯ್ತದಾ? ಗಾಡಿ ತೆಗಿ, ಹೋಗಿ ಕೇಳ್ಕಂಡ್ ಬರಾನ" ಅಂದಳು.

ಹಾಗೆ ಶುರುವಾಯಿತು. ರಜೆ ಬಂದರೆ ಸಾಕು, ನಾನು ಸ್ಕೂಟರ್ ಹತ್ತುತ್ತಿದ್ದೆ, ಅಕ್ಕ ಹಿಂದೆ ಕೂರುತ್ತಿದ್ದಳು. ಕುಣಿಗಲ್ಲಿನ ಕಡೆ ಒಂದಿಷ್ಟು ಊರು, ಗುಬ್ಬಿ ನಿಟ್ಟೂರಿನ ಕಡೆ ಒಂದಿಷ್ಟು ಊರು. ಪ್ರಶ್ನೆ ಕೇಳುವುದು ನನ್ನ ಕಸುಬಾದರೂ ಅಲ್ಲಿ ಅದು ನಡೆಯುತ್ತಿರಲಿಲ್ಲ. ಮೇಷ್ಟ್ರಮ್ಮ ಪೆನ್ನು ಹಿಡಿದರೆ ಜನ ರೇಷನ್ ಕಾರ್ಡಿನ ವಿಚಾರ ಅಂದುಕೊಂಡು ಬಾಯಿ ಮುಚ್ಚುತ್ತಿದ್ದರು. ಅಕ್ಕ ಮೊದಲು ಕುಡಿಯೋಕೆ ನೀರು ಕೇಳುತ್ತಿದ್ದಳು. ನೀರು ಕುಡಿದು, ಚೆನ್ನಾಗಿದೆ ಅಂತಲೋ ಸಪ್ಪೆ ಅಂತಲೋ ಒಂದು ಮಾತು ಬಿಡುತ್ತಿದ್ದಳು. ಅಲ್ಲಿಂದ ಬಾವಿ, ಬಾವಿಯಿಂದ ಕೆರೆ, ಕೆರೆಯಿಂದ ಜಗಳ, ಜಗಳದಿಂದ ಇಡೀ ಊರಿನ ಚರಿತ್ರೆ. ಯಾವ ಊರಿನವರು ಬರಗಾಲದಲ್ಲಿ ಯಾರಿಗೆ ಮೇವು ಕೊಟ್ಟರು, ಯಾವ ಊರಿಗೆ ಮೊದಲ ಹಿಟ್ಟಿನ ಗಿರಣಿ ಬಂದಾಗ ಹೆಂಗಸರು ಬೀಸುವ ಕಲ್ಲನ್ನು ಎಲ್ಲಿ ಹಾಕಿದರು, ಎಲ್ಲ ಸಿಗುತ್ತಿತ್ತು. ನಾನು ಮನೆಗೆ ಬಂದು ಬರೆಯುತ್ತಿದ್ದೆ. ಕ್ಯಾತ್ಸಂದ್ರದ ನಮ್ಮ ಮನೆಯ ಊಟದ ಮೇಜೇ ನನ್ನ ಕಚೇರಿ.

ಬರೆಯಲು ಕಲಿಸಿದವರು ತುಮಕೂರಿನ ಒಬ್ಬ ನಿವೃತ್ತ ಅಧ್ಯಾಪಕರು. ನಮ್ಮ ಸಂಪಾದಕರ ಗುಂಪಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅಚ್ಚುಕಟ್ಟು ಮನುಷ್ಯ. ಇಸ್ತ್ರಿ ಕೆಡದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನನ್ನ ಮೊದಲ ಪುಟವನ್ನು ತಿದ್ದಿಕೊಟ್ಟವರು ಅವರೇ, ಅದನ್ನು ಇಲ್ಲ ಅನ್ನುವುದಿಲ್ಲ. ಅದಕ್ಕೇ ಹೊಟ್ಟೆ ಹೆಚ್ಚು ಉರಿದದ್ದು. ಬೀದಿಯಲ್ಲಿ ಹೋಗುವವನು ಕಲ್ಲೆಸೆದರೆ ಒಂದು ಲೆಕ್ಕ, ಬರೆಯೋಕೆ ಕೈ ಹಿಡಿದು ಕಲಿಸಿದವರೇ ಎಸೆದರೆ ಇನ್ನೊಂದು.

ಒಂದು ಭಾನುವಾರದ ಸಭೆಯಲ್ಲಿ ಮೇಷ್ಟ್ರು ಹೊಸ ಉಪಕರಣವೊಂದನ್ನು ತೋರಿಸಿದರು. ಅದೊಂದು ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಸೂಚನೆಗಳ ಪಟ್ಟಿ. ಪುಟಗಳ ಪಟ್ಟಿಯನ್ನೂ ಒಂದು ನಿಯಮವನ್ನೂ ಅದಕ್ಕೆ ಕೊಟ್ಟರೆ ಸಾಕು, ಒಂದಾದ ಮೇಲೊಂದು ಪುಟ ತೆರೆದು, ತಿದ್ದಿ, ನಮ್ಮ ಮುಂದೆ ಇಡುತ್ತದೆ. ಎಡಗಡೆ ಮೊದಲು ಇದ್ದದ್ದು, ಬಲಗಡೆ ಈಗ ಆಗುವುದು. ನಾವು ಎರಡನ್ನೂ ನೋಡಿ 'ಉಳಿಸು' ಒತ್ತಬೇಕು. ಒತ್ತಿದರೆ ಆಯಿತು, ಮುಂದಿನ ಪುಟ. ಕೈಯಲ್ಲಿ ವಾರ ಹಿಡಿಯುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಇದನ್ನು ಬಳಸೋಕೆ ವಿಶ್ವಕೋಶದ ಮೇಲ್ವಿಚಾರಣೆ ಮಾಡುವ ನಿರ್ವಾಹಕರ ಅನುಮತಿ ಬೇಕು, ನಿಬಂಧನೆಗಳೂ ಇವೆ. ಆ ನಿಬಂಧನೆಗಳನ್ನು ಮೇಷ್ಟ್ರೇ ಗಟ್ಟಿಯಾಗಿ ಓದಿದರು. ಪ್ರತಿ ಬದಲಾವಣೆಯನ್ನೂ ಕಣ್ಣಾರೆ ನೋಡದೆ ಉಳಿಸಬಾರದು. ತಪ್ಪಾದರೆ ಅದು ಯಂತ್ರದ್ದಲ್ಲ, ಒತ್ತಿದವರದು. ಯಾರಾದರೂ ಆಕ್ಷೇಪಿಸಿದರೆ ತಕ್ಷಣ ನಿಲ್ಲಿಸಬೇಕು. ಈ ಕೊನೆಯದಕ್ಕೆ ಉಪಕರಣದಲ್ಲೇ ಒಂದು ವ್ಯವಸ್ಥೆ ಇತ್ತು. ವಿಶ್ವಕೋಶದಲ್ಲಿ ಪ್ರತಿ ಸಂಪಾದಕರಿಗೂ ಪ್ರತಿ ಲೇಖನಕ್ಕೂ ಮಾತಾಡಿಕೊಳ್ಳಲು ಒಂದು ಚರ್ಚೆ ಪುಟ ಇರುತ್ತದೆ. ಬಳಸುವವರ ಚರ್ಚೆ ಪುಟದಲ್ಲಿ ಯಾರಾದರೂ ಸಂದೇಶ ಬರೆದರೆ ಅದು ತಾನಾಗೇ ನಿಂತುಬಿಡುತ್ತದೆ. ಸಂದೇಶ ಓದಿದೆ ಎಂದು ಒತ್ತಿದರೆ ಮಾತ್ರ ಮತ್ತೆ ಓಡುತ್ತದೆ. "ಎತ್ತಿಗೆ ಮೂಗುದಾರ ಇದ್ದ ಹಾಗೆ" ಎಂದು ಮೇಷ್ಟ್ರು ಹೇಳಿದಾಗ ನಾವೆಲ್ಲ ನಕ್ಕೆವು.

ಆಮೇಲೆ ಒಂದು ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೆ. ಮೊಬೈಲ್ ಗುಂಯ್ ಅಂದಿತು. ನಾನು ಬರೆದ ಪುಟವೊಂದನ್ನು ಯಾರೋ ತಿದ್ದಿದ್ದಾರೆ. ಸಂತೋಷವೇ ಆಯಿತು, ತಿದ್ದುವವರೂ ಇದ್ದಾರಲ್ಲ ಎಂದು. ಮತ್ತೆ ಗುಂಯ್. ಮತ್ತೆ. ತುತ್ತು ಬಾಯಿಗೆ ಹೋಗಲಿಲ್ಲ. ತೆರೆದು ನೋಡಿದರೆ ಪುಟದಲ್ಲಿ ಉಳಿದಿರುವುದು ಒಂದು ಸಾಲು. ಇದು ಇಂಥ ತಾಲ್ಲೂಕಿನ ಒಂದು ಗ್ರಾಮ. ಮೇಷ್ಟ್ರು ಉಪಕರಣಕ್ಕೆ ಒಂದು ನಿಯಮ ಕೊಟ್ಟಿದ್ದರು. ಆಧಾರ ಸೂಚಿಸದ ವಾಕ್ಯ ಯಾವುದಿದ್ದರೂ ಕಿತ್ತುಹಾಕು. ನಮ್ಮ ಕಡೆಯ ಹಳ್ಳಿಗಳಿಗೆ ಅಚ್ಚಾದ ಆಧಾರ ಎಲ್ಲಿಂದ ಬರಬೇಕು? ನಾನು ಹುಡುಕಿ ಹಾಕುತ್ತಲೇ ಇದ್ದೆ, ಅರ್ಧ ಹಾಕಿದ್ದೆ, ಅರ್ಧ ಬಾಕಿ ಇತ್ತು. ಯಂತ್ರಕ್ಕೆ ಅರ್ಧ ಮುಕ್ಕಾಲು ಗೊತ್ತಾಗುವುದಿಲ್ಲ. ವಾಕ್ಯದ ಕೊನೆಯಲ್ಲಿ ಗುರುತಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಒಂದು ಪುಟಕ್ಕೂ ಇನ್ನೊಂದಕ್ಕೂ ನಡುವೆ ಒಂದು ಉಸಿರಿನಷ್ಟು ಅಂತರವೂ ಇರಲಿಲ್ಲ. ಆ ಮನುಷ್ಯ ಏನನ್ನೂ ನೋಡುತ್ತಿಲ್ಲ, ಸುಮ್ಮನೆ ಗುಂಡಿ ಒತ್ತುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

ಅವರ ಚರ್ಚೆ ಪುಟಕ್ಕೆ ಹೋಗಿ, "ಮೇಷ್ಟ್ರೇ, ದಯವಿಟ್ಟು ನಿಲ್ಲಿಸಿ. ನೋಡದೆ ಅಳಿಸುತ್ತಿದ್ದೀರಿ" ಎಂದು ಬರೆದೆ. ಅಳಿಸುವುದು ನಿಂತಿತು. ಉಪಕರಣ ತನ್ನ ಧರ್ಮ ತಾನು ಪಾಲಿಸಿತ್ತು. ನಾನು ಉಸಿರು ಬಿಟ್ಟು ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ಗುಂಯ್. ಅಂದರೆ ಸಂದೇಶ ಬಂದದ್ದನ್ನು ನೋಡಿದರು, ಓದಿದೆ ಎಂದು ಒತ್ತಿದರು, ಮುಂದುವರಿಸಿದರು. ಸಂಜೆ ಉತ್ತರ ಬಂತು. "ವಿಶ್ವಕೋಶದಲ್ಲಿ ಅಜ್ಜಿ ಕಥೆಗಳಿಗೆ ಜಾಗವಿಲ್ಲ. ಭಾವುಕರಾಗಬೇಡಿ." ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಗಾದೆಯನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅವತ್ತು ಅದರ ಏಟು ಬೆನ್ನಿಗೆ ಬಿತ್ತು.

ಇದರ ಮೇಲೆ ಸನ್ಮಾನ ಬೇರೆ. ಕೆಲವು ತಿಂಗಳ ನಂತರ ತುಮಕೂರಿನ ಒಂದು ಸಭಾಂಗಣದಲ್ಲಿ ಮೇಷ್ಟ್ರಿಗೆ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟರು. ವಿಶ್ವಕೋಶದಲ್ಲಿ ಇಷ್ಟು ಸಂಪಾದನೆಗಳನ್ನು, ಅಂದರೆ ತಿದ್ದುಪಡಿಗಳನ್ನು, ಈ ವಯಸ್ಸಿನಲ್ಲಿ ಮಾಡಿದವರು ಇನ್ನೊಬ್ಬರಿಲ್ಲ ಎಂದು ನಿರೂಪಕರು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟದೆ ಕೈ ಕಟ್ಟಿಕೊಂಡಿದ್ದೆ. ಆ ಶಾಲಿನ ಒಂದೊಂದು ಎಳೆಯೂ ನಮ್ಮ ಅಕ್ಕ ಕುಡಿದ ಒಂದೊಂದು ಚೊಂಬು ನೀರು ಎಂದು ಅನ್ನಿಸಿ ಹಲ್ಲು ಕಚ್ಚಿಕೊಂಡೆ.

ಅಕ್ಕನಿಗೆ ಹೇಳಿದಾಗ ಅವಳು ಹಾಲು ಕರೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವ್ನು ಓದಿ ಅಳಿಸಿದ್ನಾ, ಓದ್ದೇ ಅಳಿಸಿದ್ನಾ?"

"ಓದ್ದೆ."

"ಓದಿ ಅಳಿಸಿದ್ರೆ ಬುಟ್ಬುಡ್ಬೋದಿತ್ತು. ಓದ್ದೆ ಅಳಿಸವ್ನೆ ಅಂದ್ರೆ ಬುಡ್ಬೇಡ ಕಣೇ. ಓದುಸ್ಬೇಕು ಅವ್ನಿಗೆ. ಒಂದೊಂದ್ ಅಕ್ಷರನೂ ಓದುಸ್ಬೇಕು."

ನನ್ನ ಸೇಡಿಗೆ ರೂಪ ಕೊಟ್ಟವಳು ಅವಳೇ. ಅವರ ಮಾನ ಹರಾಜು ಹಾಕುವುದು ನನಗೆ ಬೇಕಿರಲಿಲ್ಲ. ಶಾಲು ಕಿತ್ತುಕೊಂಡು ನನಗೇನಾಗಬೇಕು. ಅಳಿಸಿದ ಪ್ರತಿಯೊಂದು ಸಾಲನ್ನೂ ಆ ಮನುಷ್ಯ ಕೂತು ಓದಬೇಕು, ನೋಡದೆ ಅಳಿಸಿದೆ ಎಂದು ತನ್ನ ಕೈಯಾರೆ ಎಲ್ಲರೂ ಕಾಣುವ ಜಾಗದಲ್ಲಿ ಬರೆಯಬೇಕು. ಅಷ್ಟಾಗುವವರೆಗೆ ನನಗೆ ಸಮಾಧಾನವಿಲ್ಲ ಎಂದು ತೀರ್ಮಾನಿಸಿದೆ.

ಅದೇ ಉಪಕರಣಕ್ಕೆ ನಾನೂ ಅರ್ಜಿ ಹಾಕಿದೆ. ಅರ್ಜಿಯ ಕೆಳಗೆ ಮೇಷ್ಟ್ರು ಬಂದು, "ಅನುಭವ ಸಾಲದು, ದುರುಪಯೋಗವಾಗಬಹುದು" ಎಂದು ಬರೆದರು. ದುರುಪಯೋಗ! ಓದಿ ನಗುವೋ ಅಳುವೋ ತಿಳಿಯಲಿಲ್ಲ. ಆದರೂ ಅನುಮತಿ ಸಿಕ್ಕಿತು. ಜೊತೆಗೆ ಒಂದು ಎಚ್ಚರಿಕೆ. ನಿಯಮ ಮೀರಿದರೆ ಹಕ್ಕು ವಾಪಸ್ಸು, ಮತ್ತೆ ಸಿಗುವುದಿಲ್ಲ.

ಹಕ್ಕು ಕೈಗೆ ಬಂದ ದಿನ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವರು ಕೈಯಾಡಿಸಿದ ಪುಟಗಳೆಲ್ಲ ಸಾಲಾಗಿ ನಿಂತಿದ್ದವು. ಎಲ್ಲವನ್ನೂ ಹಿಂದಿನ ಸ್ಥಿತಿಗೆ ತಾ ಎಂದು ಒಂದು ನಿಯಮ ಕೊಟ್ಟು, ಗುಂಡಿಯ ಮೇಲೆ ಬೆರಳಿಟ್ಟು ಕೂತರೆ ಮಧ್ಯಾಹ್ನದ ಊಟದೊಳಗೆ ಎಲ್ಲ ಮುಗಿಯುತ್ತಿತ್ತು.

"ಒತ್ತೇ ಮತ್ತೆ, ಯಾಕ್ ಮುಖ ನೋಡ್ತೀಯ?" ಅಕ್ಕ ಅಂದಳು.

"ನೋಡ್ದೆ ಒತ್ತುದ್ರೆ ಅವರಿಗೂ ನಂಗೂ ಏನ್ ವ್ಯತ್ಯಾಸ?"

ಹೀಗೆ ಹೇಳಿದಾಗ ನಾನು ಬಹಳ ಧರ್ಮವಂತೆಯಾಗಿ ಕಂಡಿರಬಹುದು. ನಿಜ ಅದಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ರದ್ದು ಮಾಡಿದರೆ ಈ ವಿಶ್ವಕೋಶ ಮೊದಲಿನವರಿಗೆ ಸುದ್ದಿ ಕಳಿಸುತ್ತದೆ. ಒಂದೇ ಮಧ್ಯಾಹ್ನ ಎಲ್ಲ ರದ್ದು ಮಾಡಿದರೆ ಸುದ್ದಿಗಳೆಲ್ಲ ಗುಡ್ಡೆಯಾಗಿ ಬೀಳುತ್ತವೆ, ಮೇಷ್ಟ್ರು ಒಟ್ಟಿಗೆ ಗುಡಿಸಿ ಎಸೆಯುತ್ತಾರೆ, ನಾಲ್ಕು ಜನ ಅಯ್ಯೋ ಪಾಪ ಅನ್ನುತ್ತಾರೆ. ನಿಯಮದ ಪ್ರಕಾರ ಒಂದೊಂದೇ ಪುಟ ನೋಡಿ, ಆಧಾರ ಹುಡುಕಿ, ಸರಿಯಾಗಿ ಬರೆದು ಉಳಿಸಿದರೆ? ಬೆಳಿಗ್ಗೆ ಕಾಫಿಗೆ ಒಂದು ಗುಂಯ್. ಸಂಜೆ ವಾಕಿಂಗಿಗೆ ಒಂದು ಗುಂಯ್. ಸುದ್ದಿ ಒತ್ತಿ ನೋಡಿದರೆ ತಪ್ಪು ಹುಡುಕಲು ಒಂದು ಎಳೆಯೂ ಸಿಗಬಾರದು. ನನ್ನ ಹೊಟ್ಟೆಯ ಬೆಂಕಿಗೆ ಜವಾಬ್ದಾರಿಗಿಂತ ಒಳ್ಳೆಯ ಸೌದೆ ಸಿಗುತ್ತಿರಲಿಲ್ಲ.

ಅಕ್ಕನಿಗೆ ಇದನ್ನು ಬಿಡಿಸಿ ಹೇಳಿದೆ. ಅವಳು "ಪಾಪಿ, ಎಷ್ಟ್ ಕೆಟ್ಟೋಳೇ ನೀನು" ಎಂದು ಖುಷಿಯಿಂದ ಬೆನ್ನಿಗೆ ಒಂದು ಗುದ್ದು ಗುದ್ದಿದಳು.

ಮತ್ತೆ ಸ್ಕೂಟರ್ ಹತ್ತಿದೆವು. ಈ ಸಲ ನೀರಿನ ಚೊಂಬಿನ ಜೊತೆ ಅಚ್ಚಾದ ಕಾಗದವನ್ನೂ ಹುಡುಕಬೇಕಿತ್ತು. ಶಾಲೆಗಳ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳು, ಹಾಲಿನ ಸಂಘದ ವಾರ್ಷಿಕ ವರದಿಗಳು, ಕೆರೆಯ ತೂಬಿನ ಮೇಲಿನ ಕಲ್ಲು, ಪಂಚಾಯ್ತಿ ಕಚೇರಿಯ ಶಿಲಾನ್ಯಾಸದ ಫಲಕ. ಎಲ್ಲದರ ಫೋಟೋ ತೆಗೆದೆ. ಹುಡುಕಿದರೂ ಆಧಾರ ಸಿಗದ ಮಾತುಗಳನ್ನು ಪುಟಕ್ಕೆ ಹಾಕಲಿಲ್ಲ. ಅವನ್ನು ಆಯಾ ಪುಟದ ಚರ್ಚೆಯಲ್ಲಿ, ಇಂಥದೊಂದು ಮಾತಿದೆ, ಆಧಾರ ಸಿಕ್ಕರೆ ಸೇರಿಸಬಹುದು ಎಂದು ಬರೆದಿಟ್ಟೆ. ಕರುಳು ಕಿತ್ತುಬಂದರೂ ಹಾಗೇ ಮಾಡಿದೆ.

ನನಗೆ ಇನ್ನೊಂದು ಶಿಕ್ಷೆಯೂ ಇತ್ತು. ಮೇಷ್ಟ್ರು ಅಳಿಸಿದ್ದೆಲ್ಲ ತಪ್ಪಲ್ಲ. ಯಾರೋ ಒಬ್ಬ ಪುಣ್ಯಾತ್ಮ ತನ್ನ ಊರಿನ ಪುಟದಲ್ಲಿ ತನ್ನ ಬೋರ್‌ವೆಲ್ ಅಂಗಡಿಯ ಜಾಹೀರಾತು ಹಾಕಿದ್ದ, ಇನ್ನೊಬ್ಬ ತನ್ನ ದಾಯಾದಿಯನ್ನು ಬೈದಿದ್ದ. ಅವೂ ಮೇಷ್ಟ್ರ ಗುಂಡಿಗೆ ಸಿಕ್ಕಿ ಹೋಗಿದ್ದವು. ಕುರುಡ ಎಸೆದ ಕಲ್ಲೂ ಒಮ್ಮೊಮ್ಮೆ ಹಣ್ಣಿಗೆ ತಾಗುತ್ತದೆ. ಅಂಥ ಪುಟಗಳನ್ನು ನಾನು ಮುಟ್ಟುವ ಹಾಗಿಲ್ಲ. ಮುಟ್ಟಲಿಲ್ಲ. ಹಲ್ಲು ಕಡಿಯುತ್ತಾ 'ಧನ್ಯವಾದ' ಎಂಬ ಗುಂಡಿಯನ್ನೂ ಒತ್ತಿದೆ. ಅದರ ಸುದ್ದಿಯೂ ಅವರಿಗೆ ಹೋಗುತ್ತದೆ. ರದ್ದು, ರದ್ದು, ಧನ್ಯವಾದ, ರದ್ದು. ಆ ಧನ್ಯವಾದವೇ ಅವರಿಗೆ ಹೆಚ್ಚು ಉರಿಯಿತು ಎಂದು ಗುಂಪಿನ ಯಾರೋ ಆಮೇಲೆ ಹೇಳಿದರು. ಕೇಳಿ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹೀಗೆ ಬರುತ್ತಾ ಬರುತ್ತಾ ಪಟ್ಟಿ ಕರಗಿತು. ಕೊನೆಯ ಹೊತ್ತಿಗೆ ನಿಟ್ಟೂರಿನ ಆಚೆಯ ಒಂದು ಸಣ್ಣ ಹಳ್ಳಿಯ ಪುಟ ಬಂತು. ರೈಲು ಹಳಿಯ ಪಕ್ಕದ ಊರು. ಈಗ ಅಲ್ಲಿ ಹಳಿಯ ಕೆಳಗೆ ರಸ್ತೆಯಿದೆ, ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಮೊದಲು ಅಲ್ಲಿ ಒಂದು ಗೇಟು ಇತ್ತು. ಆ ಗೇಟಿನ ಕಥೆಯನ್ನು ನಾನು ಬರೆದಿದ್ದೆ, ಹೇಳಿದವಳು ಆ ಊರಿನ ಒಬ್ಬ ಮುದುಕಿ.

ಗೇಟು ಕಾಯುತ್ತಿದ್ದವರಿಗೆ ಒಂದು ಪದ್ಧತಿಯಿತ್ತು. ರೈಲು ಹೋದ ತಕ್ಷಣ ಗೇಟು ತೆಗೆಯುತ್ತಿರಲಿಲ್ಲ. ಕೊನೆಯ ಡಬ್ಬಿಯ ಹಿಂದೆ ಇರುವ ಗುರುತನ್ನು ಕಣ್ಣಾರೆ ನೋಡಬೇಕು. ಅದು ಕಂಡರೆ ಇಡೀ ರೈಲು ಹೋಯಿತು ಎಂದು ಅರ್ಥ. ಈ ಪದ್ಧತಿ ಎಲ್ಲ ಕಡೆಯೂ ಇರುತ್ತದೆ. ಆದರೆ ಈ ಮನುಷ್ಯ ಎಂಥ ಅವಸರಕ್ಕೂ, ಎಂಥ ಬೈಗುಳಕ್ಕೂ ಜಗ್ಗುತ್ತಿರಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಬಾಲ ಬರ್ಲಿ." ಒಂದು ಸಲ ಮದುವೆಯ ದಿಬ್ಬಣದ ಲಾರಿ ಗೇಟಿಗೆ ಸಿಕ್ಕಿಕೊಂಡಿತು. ಮುಹೂರ್ತ ಮೀರುತ್ತಿದೆ. ಗೂಡ್ಸ್ ರೈಲು ಹೋಯಿತು. ಗೇಟು ತೆಗಿ ಎಂದು ಎಲ್ಲರೂ ಕೂಗಿದರು, ಮದುಮಗಳ ಸೋದರಮಾವ ಕೊರಳಪಟ್ಟಿ ಹಿಡಿದ. ಬಾಲ ಬಂದಿಲ್ಲ, ಬಾಲ ಬರ್ಲಿ ಅಂದರು ಇವರು. ಕೊರಳಪಟ್ಟಿ ಹಿಡಿದಿದ್ದ ಹಾಗೇ, ಕೊಂಡಿ ಕಳಚಿಕೊಂಡು ಹಿಂದೆ ಉಳಿದಿದ್ದ ಡಬ್ಬಿಗಳು ಇಂಜಿನ್ ಇಲ್ಲದೆ, ಸದ್ದಿಲ್ಲದೆ ಉರುಳಿಕೊಂಡು ಬಂದು ಗೇಟು ದಾಟಿದವು. ಆಮೇಲೆ ಸೋದರಮಾವ ಅವರ ಕಾಲಿಗೆ ಬಿದ್ದನಂತೆ. "ಆ ಲಾರೀಲಿ ಮದ್ಮಗ್ಳಾಗಿ ಕುಂತಿದ್ದೋಳು ನಾನೇ ಕಣವ್ವ" ಎಂದು ಮುದುಕಿ ಹೇಳಿದ್ದಳು. ಇವತ್ತಿಗೂ ಆ ಊರಿನಲ್ಲಿ ಯಾರಾದರೂ ಅವಸರ ಮಾಡಿದರೆ "ಬಾಲ ಬರ್ಲಿ ತಡೀಲಾ" ಅನ್ನುತ್ತಾರೆ. ಹಸೆಮಣೆಯಿಂದ ಹಿಡಿದು ಸಾಲದ ಮಾತಿನವರೆಗೆ ಅದೇ ಮಾತು.

ಇದಕ್ಕೆ ಆಧಾರ ಹುಡುಕಿಕೊಂಡು ನಾವು ಎರಡನೇ ಸಲ ಹೋದೆವು. ಊರಿನ ಶಾಲೆಯ ಹಳೆಯ ಸ್ಮರಣ ಸಂಚಿಕೆಯಲ್ಲಿ ಆ ಗೇಟಿನ ಬಗ್ಗೆ ಒಂದು ಪುಟವೇ ಇತ್ತು. ಮುಖ್ಯೋಪಾಧ್ಯಾಯರು ಬೀರುವಿನಿಂದ ತೆಗೆದುಕೊಟ್ಟರು, ಇರುವುದು ಇದೊಂದೇ ಪ್ರತಿ ಎಂದರು. ಫೋಟೋ ತೆಗೆದುಕೊಂಡೆ. ಹೊರಡುವ ಮುಂಚೆ ಮುದುಕಿಯ ಮನೆಗೆ ಹೋದೆವು. ಅಕ್ಕ ನೀರು ಕುಡಿದು ಚೊಂಬು ಕೆಳಗಿಡುತ್ತಾ, ಆ ಗೇಟಿನವರಿಗೆ ಮಕ್ಕಳಿಲ್ಲವಾ ಎಂದು ಸುಮ್ಮನೆ ಕೇಳಿದಳು.

"ಇಲ್ದೆ ಏನು? ಮಗ ಅವ್ನಲ್ಲ ತುಮಕೂರ್ನಾಗೆ. ಕಾಲೇಜ್ ಮೇಷ್ಟ್ರಾಗಿದ್ದ, ಈಗ ರಿಟೇರ್ ಆಗವ್ನೆ. ಕಂಪ್ಯೂಟ್ರಾಗೆ ಊರೂರ್ ಇಚಾರ ಎಲ್ಲಾ ಬರೀತಾನಂತೆ, ಶಾಲು ಪೇಟ ಎಲ್ಲಾ ಹಾಕುದ್ರಂತೆ ಮೊನ್ನೆ. ಅಪ್ಪನ್ ಇಚಾರನೂ ಬರ್ದವ್ನೇನೋ, ನಂಗೇನ್ ಓದಕ್ಕೆ ಬತ್ತದಾ?"

ಅಕ್ಕ ನನ್ನ ಕಡೆ ತಿರುಗಿದಳು. ನಾನು ಅವಳ ಕಡೆ ನೋಡಲಿಲ್ಲ, ನೋಡಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದೆ. ಎದ್ದು ಬಂದು ಸ್ಕೂಟರ್ ಹತ್ತಿದೆವು. ಹೆತ್ತ ಅಪ್ಪನನ್ನೇ ಒಂದು ಗುಂಡಿ ಒತ್ತಿ ಅಳಿಸಿದ್ದಾರೆ, ಅಳಿಸಿದ್ದು ಅವರಿಗೇ ಗೊತ್ತಿಲ್ಲ. ದೇವರು ನನ್ನ ಕೈಗೆ ಇಂಥದ್ದನ್ನು ತಂದುಕೊಡುತ್ತಾನೆ ಎಂದು ನಾನು ಹರಕೆ ಕೂಡ ಹೊತ್ತಿರಲಿಲ್ಲ. ನನಗೆ ಆದದ್ದು ಮರುಕವಲ್ಲ, ಹಬ್ಬ.

ಆ ಪುಟವನ್ನು ಕೊನೆಗೆ ಇಟ್ಟುಕೊಂಡೆ. ಉಳಿದದ್ದೆಲ್ಲ ಮುಗಿಸಿ, ಅಕ್ಕನನ್ನೂ ಕರೆಸಿಕೊಂಡು, ಒಂದು ಬೆಳಿಗ್ಗೆ ಕೂತೆ. ಎಡಗಡೆ ಒಂದು ಸಾಲಿನ ಗ್ರಾಮ, ಬಲಗಡೆ ಗೇಟು, ಲಾರಿ, ಬಾಲ, ಎಲ್ಲ. ಓದಿದೆ. ಆಧಾರ ನೋಡಿದೆ. ಉಳಿಸು ಎನ್ನುವುದರ ಮೇಲೆ ಬಾಣದ ಗುರುತು ತಂದೆ. ಉಪಕರಣ ನಿಂತುಬಿಟ್ಟಿತು. ನನ್ನ ಚರ್ಚೆ ಪುಟದಲ್ಲಿ ಹೊಸ ಸಂದೇಶ.

ಮೇಷ್ಟ್ರು ಬರೆದಿದ್ದರು. "ನನ್ನ ಸಂಪಾದನೆಗಳನ್ನು ಬೆನ್ನಟ್ಟಿ ರದ್ದು ಮಾಡುತ್ತಿದ್ದೀರಿ. ಇದು ವೈಯಕ್ತಿಕ ದ್ವೇಷ. ಕೂಡಲೇ ನಿಲ್ಲಿಸಿ."

ದ್ವೇಷ ಅಂದದ್ದು ಸುಳ್ಳಲ್ಲ. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಓದಿದೆ ಎಂದು ಒತ್ತಿದರೆ ಉಪಕರಣ ಮತ್ತೆ ಓಡುತ್ತದೆ. ಒಂದೇ ಒಂದು ಪುಟ.

"ಒತ್ತೇ! ಅವ್ನು ನಿಲ್ಸಿದ್ನಾ ಅವತ್ತು?" ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು.

ಅದೇ ಮಾತು. ಅವರು ನಿಲ್ಲಿಸಲಿಲ್ಲ. ಹಾಗಾದರೆ ನಾನು ನಿಲ್ಲಿಸಬೇಕು, ನಿಲ್ಲಿಸಿದ್ದು ಎಲ್ಲರಿಗೂ ಕಾಣಬೇಕು. ಬೆರಳು ತೆಗೆದೆ. ಸಂದೇಶದ ಕೆಳಗೆ ಉತ್ತರ ಬರೆದೆ. "ನಿಲ್ಲಿಸಿದ್ದೇನೆ. ಯಾವ ಪುಟದಲ್ಲಿ ತಪ್ಪಿದೆ, ಓದಿ ಹೇಳಿ, ಸರಿಪಡಿಸುತ್ತೇನೆ. ಒಂದು ಪುಟ ಮಾತ್ರ ಬಾಕಿ ಉಳಿದಿದೆ. ನೀವು ನಿಲ್ಲಿಸಿ ಅಂದ ಕಾರಣ ಅದನ್ನು ಮುಟ್ಟುವುದಿಲ್ಲ. ಅಳಿಸುವ ಮುಂಚೆ ಏನಿತ್ತು ಎಂದು ನೀವೇ ನೋಡಿ. ಆಧಾರ ನನ್ನ ಹತ್ತಿರ ಇದೆ." ಕೆಳಗೆ ಆ ಹಳ್ಳಿಯ ಪುಟದ ಕೊಂಡಿ ಹಾಕಿದೆ.

ಆಕ್ಷೇಪಿಸಿದವರು ಕಾರಣ ಹೇಳಬೇಕು, ಕಾರಣ ಹೇಳಲು ಓದಬೇಕು. ನಿರ್ವಾಹಕರೂ ಅದನ್ನೇ ಕೇಳಿದರು. ಮೇಷ್ಟ್ರಿಗೆ ಬೇರೆ ದಾರಿಯಿರಲಿಲ್ಲ. ಒಂದೊಂದು ಪುಟದ ಚರ್ಚೆಯಲ್ಲೂ ಅವರ ಉತ್ತರ ಬೀಳತೊಡಗಿತು. "ಆಕ್ಷೇಪವಿಲ್ಲ." ಮಾರನೆಯ ದಿನ ಇನ್ನೊಂದರಲ್ಲಿ, "ಆಕ್ಷೇಪವಿಲ್ಲ." ಈಗ ಗುಂಯ್ ಅನ್ನುತ್ತಿದ್ದದ್ದು ನನ್ನ ಮೊಬೈಲು. ಗೇಟಿನ ಪುಟದಲ್ಲಿ ಮಾತ್ರ ಏನೂ ಬರಲಿಲ್ಲ. ನಾನು ದಿನವೂ ನೋಡಿದೆ. ಶಾಲೆಗೆ ಹೋಗುವ ರೈಲಿನಲ್ಲಿ ನೋಡಿದೆ, ಪರೀಕ್ಷೆಯ ಕೊಠಡಿಯಿಂದ ಹೊರಗೆ ಬಂದ ಕೂಡಲೇ ನೋಡಿದೆ. ಇದು ಇಂಥ ತಾಲ್ಲೂಕಿನ ಒಂದು ಗ್ರಾಮ.

ಆಮೇಲೆ ಒಂದು ಸಂಜೆ ಫೋನ್ ಮಾಡಿ, ಮನೆಗೆ ಬರಬಹುದಾ ಎಂದು ಕೇಳಿದರು. ಬನ್ನಿ ಅಂದೆ. ಅಕ್ಕನಿಗೂ ಬಾ ಅಂದೆ. ಅವಳು ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್ಸು ಹತ್ತಿದಳು.

ಮೇಷ್ಟ್ರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅದೇ ಇಸ್ತ್ರಿ ಅಂಗಿ, ಅದೇ ಎರಡು ಪೆನ್ನು. ಮುಖ ಮಾತ್ರ ನಿದ್ದೆಗೆಟ್ಟವರದು. ಕೂತರು.

"ಮೇಡಂ, ಆ ಸ್ಮರಣ ಸಂಚಿಕೆ ನಿಮ್ಹತ್ರ ಇದೆ ಅಂದ್ರಲ್ಲ. ಶಾಲೇಲಿ ಕೇಳ್ದೆ. ಮುಖ್ಯೋಪಾಧ್ಯಾಯ್ರು ವರ್ಗ ಆಗಿದಾರೆ, ಬೀರು ಬೀಗ ಯಾರ್ ಹತ್ರಾನೂ ಇಲ್ಲ."

"ಫೋಟೋ ಇದೆ ಸಾರ್."

"ಪುಟಸಂಖ್ಯೆ ಕೊಟ್ರೆ ಮನೇಗ್ ಹೋಗಿ ನಾನೇ ಹಾಕ್ತೀನಿ."

"ಇಲ್ಲೇ ಹಾಕಿ ಸಾರ್" ಎಂದು ಲ್ಯಾಪ್‌ಟಾಪ್ ಅವರ ಮುಂದೆ ತಿರುಗಿಸಿದೆ.

ಅವರು ನನ್ನನ್ನು ನೋಡಿದರು. ತಾವು ಅಳಿಸಿದ್ದನ್ನು ತಮ್ಮ ಹೆಸರಿನಲ್ಲೇ, ನನ್ನ ಕಣ್ಣೆದುರಿಗೆ ವಾಪಸ್ಸು ತರಬೇಕು ಎಂದು ಅರ್ಥವಾಯಿತು. ಲಾಗಿನ್ ಆದರು. ಹಳೆಯ ಆವೃತ್ತಿ ತೆರೆದರು. ಸಂಚಿಕೆಯ ಫೋಟೋ ನೋಡಿ ಆಧಾರ ಬರೆದರು. ಕೆಳಗೆ ಬದಲಾವಣೆಯ ಸಾರಾಂಶ ಬರೆಯುವ ಜಾಗ ಖಾಲಿ ಇತ್ತು. ಅಲ್ಲಿ ಬರೆದದ್ದು ಪುಟದ ಇತಿಹಾಸದಲ್ಲಿ ಶಾಶ್ವತವಾಗಿ ಉಳಿಯುತ್ತದೆ.

"ಆಧಾರ ಸೇರ್ಪಡೆ ಅಂತ ಹಾಕ್ಲಾ?"

"ನೋಡದೆ ಅಳಿಸಿದ್ದೆ ಅಂತ ಹಾಕಿ ಸಾರ್."

ನನಗೆ ಒಂದಿಷ್ಟೂ ಕರುಣೆ ಬರಲಿಲ್ಲ. ಬಂದಿದ್ದರೆ ಬಂತು ಎಂದೇ ಬರೆಯುತ್ತಿದ್ದೆ. ಅಕ್ಕ ಅಡಿಗೆಮನೆಯಿಂದ ಬಂದು ಲೋಟ ಮೇಜಿನ ಮೇಲೆ ಇಟ್ಟಳು.

"ಕಾಫಿ ಆರೋಯ್ತದೆ ಸ್ವಾಮಿ. ಬರ್ದಾಕಿ ಕುಡೀರಿ."

ಅವರು ಬರೆದರು. ಒಂದೊಂದೇ ಅಕ್ಷರ. ನೋಡದೆ ಅಳಿಸಿದ್ದೆ. ನಾನು ಇಷ್ಟು ಕಾಲ ಕಾದಿದ್ದ ಸಾಲು ನನ್ನ ಊಟದ ಮೇಜಿನ ಮೇಲೆ ಇತ್ತು. ಅದು ಉಳಿದರೆ ಸಾಕು. ನನಗೇ ತಡೆಯಲಾಗಲಿಲ್ಲ. ಬಾಗಿ ಕೈ ಚಾಚಿದೆ.

"ಸರಿ ಇದೆ ಸಾರ್, ಒತ್ತಿ. ಇಲ್ಲಾ ನಾನೇ ಒತ್ಲಾ?"

ಅವರು ನನ್ನ ಕೈಗೆ ಅಡ್ಡಲಾಗಿ ತಮ್ಮ ಕೈ ಇಟ್ಟರು. ಗೇಟಿನ ಕೋಲು ಇಳಿಸಿದ ಹಾಗೆ.

"ತಡೀರಿ" ಅಂದರು. "ಬಾಲ ಬರ್ಲಿ."

ಪುಟದ ಮೇಲಿನ ತುದಿಗೆ ಹೋಗಿ ಓದತೊಡಗಿದರು. ತುಟಿ ಆಡುತ್ತಿತ್ತು. ಗೇಟು, ಲಾರಿ, ಸೋದರಮಾವ, ಹಿಂದೆ ಉರುಳಿ ಬಂದ ಡಬ್ಬಿಗಳು. ಈ ಮಾತು ಅವತ್ತು ಎಲ್ಲಿಗೆ ಹೋಗಿತ್ತು ಎಂದು ಕೇಳಬೇಕೆಂದು ಬಾಯಿಗೆ ಬಂತು. ಕೇಳಿಯೂ ಬಿಟ್ಟೆ.

"ಅವತ್ತೇ ಇಷ್ಟು ನೋಡಿದ್ರೆ ಏನಾಗ್ತಿತ್ತು ಸಾರ್?"

ಮೇಷ್ಟ್ರು ಓದುತ್ತಲೇ ಇದ್ದರು. ಕಾಫಿ ಆರಿ ಕೆನೆ ಕಟ್ಟಿತು. ಕೊನೆಯ ಸಾಲಿನವರೆಗೂ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡು, ಅವರು ಓದಿ ಮುಗಿಸುವುದನ್ನು ಕಾಯುತ್ತಾ ಕೂತೆ.